ಉಪ್ಪಿಗೆ ಬದಲು

ಅವಳು ಬರುವುದು ಹನ್ನೊಂದೂ ಇಪ್ಪತ್ತರ ಬಸ್ಸಿಗೆ ಎಂದು ಗೊತ್ತಿದ್ದರೂ ಓಟ್ಮಾರ್ ವೆಟ್ಸೆಲ್ ಒಂಬತ್ತಕ್ಕೆಲ್ಲ ಟೈ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಕಟ್ಟಿದ ಮೇಲೆ ಅದು ಕಪ್ಪು ಟೈ ಎಂಬುದು ಕಣ್ಣಿಗೆ ಬಿತ್ತು. ಸಾವಿನ ಮನೆಗೆ ಹೊರಟವನ ಹಾಗೆ ಕಾಣುತ್ತೇನೆ, ಇದೇನು ನಾಟಕ ಅಂದುಕೊಂಡಾಳು ಎನ್ನಿಸಿ ಬಿಚ್ಚಿದ. ಕೈಗೆ ಸಿಕ್ಕ ಇನ್ನೊಂದು ಕಂದು ಬಣ್ಣದ್ದು. ಕಂದು! ಆ ವರ್ಷಗಳ ಪಕ್ಷದ ಸಮವಸ್ತ್ರದ ಬಣ್ಣ. ಅದನ್ನು ಯಾರೋ ನೋಡಿಬಿಡುತ್ತಾರೆ ಎಂಬಂತೆ ಬೀರುವಿನ ಮೂಲೆಗೆ ತುರುಕಿದ. ಕೊನೆಗೆ ಬರಿಗೊರಳಲ್ಲೇ ಅಡುಗೆಮನೆಗೆ ಬಂದು ಕೂತಾಗ ಅರವತ್ತೆರಡು ವರ್ಷದ ನಿವೃತ್ತ ಹೆಡ್ಮಾಸ್ತರನೊಬ್ಬ ತನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೆದರಿ ಕೊರಳು ಬೋಳಾಗಿ ಕೂತಿದ್ದಾನೆ ಎಂದು ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಎಷ್ಟು ಸಲ ಕಟ್ಟಿ ಬಿಚ್ತೀಯ? ನಮ್ ಮದ್ವೆ ದಿನಾನೂ ನೀನು ಇಷ್ಟು ಒದ್ದಾಡಿರ್ಲಿಲ್ಲ," ಎಂದಳು ಗೆರ್ಲಿಂಡೆ, ಪ್ಲಮ್ ಹಣ್ಣಿನ ಬೀಜ ತೆಗೆಯುತ್ತ. ಅವಳ ಬೆರಳೆಲ್ಲ ನೇರಳೆಯಾಗಿತ್ತು.

"ಏನು ಕೇಳೋಕೆ ಬರ್ತಿದಾಳೋ."

"ಏನಾದ್ರೂ ಕೇಳ್ಲಿ. ಕಾಫಿ ಕೊಡೋಣ, ಕೇಕು ಕೊಡೋಣ. ಮಾತು ಮಾತ್ರ ನೀನು ಅಳೆದು ಕೊಡು, ಓಟ್ಮಾರ್. ಇಪ್ಪತ್ತು ವರ್ಷದ ಹುಣ್ಣು. ಕೆರೆದ್ರೆ ಯಾರಿಗೆ ಏನು ಬರತ್ತೆ? ಮತ್ತೆ ಆ ಹಾಳೆಗಳ್ನ ಮೇಜಿನ ಮೇಲಿಂದ ಎತ್ತಿಡು. ಅವಳ ಕಣ್ಣಿಗೆ ಬೀಳೋದು ಬೇಡ."

ಹಾಳೆಗಳೆಂದರೆ ಕಾಸೆಲ್ಲಿನ ಪ್ರಕಾಶಕರು ಕಳಿಸಿದ ಅಚ್ಚಿನ ಕರಡು. 'ನಮ್ಮ ನೆಲದ ಕಥೆಗಳು', ಸಂಗ್ರಹ: ಓಟ್ಮಾರ್ ವೆಟ್ಸೆಲ್, ಒಂಬತ್ತನೆಯ ಮುದ್ರಣ, ೧೯೫೭. ತಿದ್ದಿ ಈ ದಿನದ ಅಂಚೆಗೆ ಹಾಕಬೇಕಿತ್ತು. ಮೊದಲ ಪುಟದಲ್ಲಿ ಕತರೀನಾ ಶೆಂಕಳ ಫೋಟೋ: ಕಪ್ಪು ಲಂಗ, ಬಿಗಿದು ಕಟ್ಟಿದ ಜುಟ್ಟು, ಉತ್ತ ಹೊಲದಂಥ ಸುಕ್ಕು. ಕೆಳಗೆ, 'ಈ ಮಣ್ಣಿನ ಮಗಳ ಬಾಯಿಂದ ಕೇಳಿದ್ದು.' ಕತರೀನಾಗೆ ಒಂದು ಕಥೆಯೂ ಬರುತ್ತಿರಲಿಲ್ಲ. ಫೋಟೋ ತೆಗೆಯುವ ದಿನ ಅವಳು, "ಮೇಷ್ಟ್ರೇ, ನಾನೀಗ ಏನ್ ಹೇಳ್ಬೇಕು?" ಎಂದು ಕೇಳಿದ್ದಳು. "ಏನೂ ಹೇಳ್ಬೇಡಮ್ಮ, ದೂರಕ್ಕೆ ನೋಡ್ತಾ ಕೂತ್ಕೋ," ಎಂದಿದ್ದ. ಅವಳು ಎಷ್ಟು ಚೆನ್ನಾಗಿ ದೂರಕ್ಕೆ ನೋಡಿದಳೆಂದರೆ ಪುಸ್ತಕ ಗ್ರೀಫೆನ್‌ರೋಡೆಯ ಮನೆಮನೆಗೆ, ಆಮೇಲೆ ಶಾಲೆ ಶಾಲೆಗೆ ಹೋಯಿತು. ಕೊನೆಗಾಲದಲ್ಲಿ ಕತರೀನಾ ಪ್ರವಾಸಿಗಳಿಗೆ ಪುಸ್ತಕದೊಳಗಿನ ಕಥೆಗಳನ್ನು ತನ್ನಜ್ಜಿ ಹೇಳಿದ್ದೆಂದು ಹೇಳತೊಡಗಿದ್ದಳು. ಸುಳ್ಳಲ್ಲ, ನಂಬಿಬಿಟ್ಟಿದ್ದಳು. ನಂಬಿಕೊಂಡೇ ಸತ್ತಳು. ಓಟ್ಮಾರನಿಗೆ ಆ ಸಾವಿನ ಬಗ್ಗೆ ಹೊಟ್ಟೆಕಿಚ್ಚಿತ್ತು.

ಬರುತ್ತಿದ್ದವಳು ಮಾರ್ಗೋಟ್ ಪ್ಲೌಟ್. ಅವಳ ಕಾಗದ ಮಾಂಟೆವಿಡಿಯೋದಿಂದ ಬಂದಿತ್ತು. ಅಂಚೆಚೀಟಿಯ ಮೇಲಿನ ಊರು ಅವನಿಗೆ ತಟ್ಟಲಿಲ್ಲ, ತಟ್ಟಿದ್ದು ಒಳಗಿನ ಅಕ್ಷರ. ಮೊನಚು ಮೊನಚಾದ ಹಳೆಯ ಜರ್ಮನ್ ಬರಹ. ಶಾಲೆಗಳು ಅದನ್ನು ಕೈಬಿಟ್ಟು ಎಷ್ಟೋ ವರ್ಷವಾಗಿತ್ತು. ಊರಿನ ಮಕ್ಕಳಿಗೆ ಈಗ ಅದನ್ನು ಓದಲೂ ಬಾರದು. ಸಮುದ್ರದಾಚೆ ಹೋದವಳು ಮಾತ್ರ ಅವನು ಬೆತ್ತ ಹಿಡಿದು ತಿದ್ದಿಸಿದ ಅದೇ ಕೊಕ್ಕೆ, ಅದೇ ಕೊಂಬು ಇಟ್ಟು, 'ಗೌರವಾನ್ವಿತ ಮೇಷ್ಟ್ರಿಗೆ' ಎಂದು ಶುರುಮಾಡಿದ್ದಳು. ವ್ಯಾಪಾರದ ಕೆಲಸಕ್ಕೆ ಫ್ರಾಂಕ್‌ಫರ್ಟಿಗೆ ಬರುತ್ತಿದ್ದೇನೆ, ಒಂದು ದಿನ ಬಿಡುವಿದೆ, ನಿಮ್ಮಲ್ಲಿ ಒಂದು ವಿಷಯ ಕೇಳುವುದಿದೆ. ಅಷ್ಟೇ. ಆ ಸಾಲನ್ನು ಅವನು ಎಷ್ಟು ಸಲ ಓದಿದ್ದನೆಂದರೆ 'ಒಂದು ವಿಷಯ' ಎಂಬಲ್ಲಿ ಕಾಗದ ಬೆವರಿಗೆ ಮೆತ್ತಗಾಗಿತ್ತು.

ಬಸ್ಸಿನಿಂದ ಇಳಿದವಳನ್ನು ಅವನು ಗುರುತಿಸಲಿಲ್ಲ. ಅವಳೇ ಗುರುತಿಸಿದಳು. ಬೂದು ಕೋಟು, ಕತ್ತರಿಸಿದ ಕೂದಲು, ಕನ್ನಡಕ. "ಏನ್ ಮೇಷ್ಟ್ರೇ, ಹಂಗೇ ಇದೀರಲ್ಲ, ಕಡ್ಡಿ ಕಡ್ಡಿ," ಎಂದಳು. ಅವಳ ಬಾಯಿಂದ ಬಂದದ್ದು ಗ್ರೀಫೆನ್‌ರೋಡೆಯ ಪಕ್ಕಾ ಕೆಳಬೀದಿ ಮಾತು, ಈಗ ಎಪ್ಪತ್ತು ದಾಟಿದವರು ಮಾತ್ರ ಆಡುವಂಥದ್ದು. ಬಸ್ಸಿಗೆ ಕಾದಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಹನ್ನೆರಡು ವರ್ಷದ ಹುಡುಗಿಯ ಬಾಯಲ್ಲಿ ನಿಂತುಹೋದ ಮಾತು ಮೂವತ್ತೊಂದರ ಹೆಂಗಸಿನ ಬಾಯಿಂದ ಹೊರಬರುತ್ತಿತ್ತು. ಅವನಿಗೆ ಅವಳನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯಲಿಲ್ಲ. ನೀನು ಅಂದರೆ ಏನೂ ಆಗಿಯೇ ಇಲ್ಲ ಅಂದಂತೆ. ನೀವು ಅಂದರೆ ನೀನು ಈ ಊರಿನವಳಲ್ಲ ಅಂದಂತೆ. "ಪ್ರಯಾಣ ಸುಖವಾಯ್ತಾ?" ಎಂದು ಎರಡೂ ಇಲ್ಲದ ಮಾತು ಹುಡುಕಿ ಆಡಿದ, ಇಡೀ ಹಾದಿ ಹಾಗೇ ಹುಡುಕಿ ಹುಡುಕಿ ಆಡಿ ದಣಿದ.

ಕೆಳಬೀದಿಯಲ್ಲಿ ಅವಳು ನಿಂತಳು. ಅವಳಜ್ಜಿಯ ರಿಬ್ಬನ್ ಅಂಗಡಿಯಿದ್ದಲ್ಲಿ ಈಗ ಸೈಕಲ್ ರಿಪೇರಿ ಅಂಗಡಿ. "ಮೆಟ್ಲು ಮೂರಿತ್ತು," ಎಂದಳು. "ಈಗ ಎರಡೇ ಇದೆ."

"ರಸ್ತೆ ಎತ್ತರಿಸಿದ್ರು. ಯುದ್ಧ ಆದ್ಮೇಲೆ."

"ಓ. ಹಂಗಾದ್ರೆ ಒಂದು ನೆಲದಡೀಲಿದೆ," ಎಂದು ಅವಳು ನೆಲವನ್ನೇ ನೋಡಿದಳು.

ಆ ಮೂರು ಮೆಟ್ಟಿಲು ಹತ್ತಿಯೇ ಅವನು ಎರಡು ಚಳಿಗಾಲ ಯೆಟ್ಟಾ ಪ್ಲೌಟಳ ಅಂಗಡಿಗೆ ಹೋಗಿದ್ದ. ಅದಕ್ಕೂ ಮೊದಲು ನೋಟ್‌ಬುಕ್ಕು ಹಿಡಿದು ಸುತ್ತಲ ಹಳ್ಳಿಯ ರೈತರ ಮನೆಗಳನ್ನೆಲ್ಲ ಸುತ್ತಿದ್ದ. ಈ ಜನದ ಆತ್ಮ ಒಲೆಯ ಪಕ್ಕ ಕೂತ ಅಜ್ಜಿಯರ ಬಾಯಲ್ಲಿದೆ ಎಂದು ಆಗ ಎಲ್ಲರೂ ಬರೆಯುತ್ತಿದ್ದರು, ಅವನೂ ನಂಬಿದ್ದ. ಅಜ್ಜಿಯರು ಅವನಿಗೆ ಹಂದಿಯ ರೋಗದ ಬಗ್ಗೆ ಹೇಳಿದರು, ಸೊಸೆಯರ ಬಗ್ಗೆ ಹೇಳಿದರು, ಶಾಲೆಯ ಪುಸ್ತಕದಲ್ಲಿ ತಾವೇ ಓದಿದ್ದನ್ನು ಅರ್ಧಂಬರ್ಧ ಹೇಳಿದರು. ಕಥೆಯಿದ್ದದ್ದು ಯೆಟ್ಟಾಳ ಹತ್ತಿರ. ಮದುವೆಯಾಗದ ಹುಡುಗಿಯರ ಕೆಂಪು ಟೋಪಿಗೆ ಬೇಕಾದ ರೇಷ್ಮೆಯನ್ನು ಸುತ್ತಲ ಹದಿನಾಲ್ಕು ಹಳ್ಳಿಗೆ ಮಾರುವವಳು ಅವಳೇ. ಮೊಣಕೈಯಿಂದ ಬೆರಳತುದಿಗೆ ರಿಬ್ಬನ್ ಅಳೆಯುತ್ತ, ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದಳು. ಅವನ ಐದು ನೋಟ್‌ಬುಕ್ಕುಗಳು ತುಂಬಿದವು. ಪ್ರತಿ ಪುಟದ ತಲೆಯ ಮೇಲೂ 'ಯೆಟ್ಟಾ ಪ್. ಹೇಳಿದ್ದು' ಎಂದು ಬರೆದಿದ್ದ. ಕಾಸೆಲ್ಲಿನ ಸಂಪಾದಕರು ಹಸ್ತಪ್ರತಿ ಓದಿ, ಇದು ಚಿನ್ನ, ಆದರೆ ಈ ಯೆಹೂದಿ ಹೆಸರಿಟ್ಟುಕೊಂಡು ಪುಸ್ತಕ ಬರುವುದಿಲ್ಲ, ಒಬ್ಬ ರೈತ ಹೆಂಗಸನ್ನು ನೋಡಿ, ಹಾಗೇ ಉಪ್ಪಿನ ಕಥೆಯ ಕೊನೆ ಸ್ವಲ್ಪ ಬಿಗಿಯಾಗಲಿ ಎಂದು ಬರೆದರು. ಬಿಗಿಯಾಗಲಿ. ಅಷ್ಟೇ ಬರೆದಿದ್ದರು. ಯುದ್ಧವಾದ ಮೇಲೆ ವಿಚಾರಣೆಯ ಪ್ರಶ್ನಾವಳಿಯಲ್ಲಿ ಓಟ್ಮಾರ್, 'ಬದಲಾವಣೆಗಳನ್ನು ಪ್ರಕಾಶಕರ ಒತ್ತಾಯದಿಂದ ಮಾಡಲಾಯಿತು' ಎಂದು ತುಂಬಿ, 'ಹಿಂಬಾಲಕ', ಅಂದರೆ ಪಕ್ಷದವರ ಹಿಂದೆ ಸುಮ್ಮನೆ ಹೋದವನು, ಎಂಬ ಮುದ್ರೆ ಒತ್ತಿಸಿಕೊಂಡು, ಆರು ತಿಂಗಳ ನಂತರ ಮತ್ತೆ ಶಾಲೆಗೆ ಹೋಗಿದ್ದ.

ಗೆರ್ಲಿಂಡೆ ಬಾಗಿಲಲ್ಲೇ ಬೇಕಾದ್ದಕ್ಕಿಂತ ಹೆಚ್ಚು ನಗುತ್ತ ನಿಂತಿದ್ದಳು. ಮದುವೆಯ ಪಿಂಗಾಣಿ ಬಟ್ಟಲು ಹೊರಬಂದಿದ್ದವು. "ಎಷ್ಟು ಬೆಳೆದ್ಬಿಟ್ರಿ! ಅಲ್ಲಿ ಚಳಿ ಇರಲ್ವಂತೆ, ಪುಣ್ಯವಂತ್ರು ನೀವು," ಎಂದಳು. ಮಾರ್ಗೋಟ್ ಕೇಕಿನ ಒಂದು ತುಂಡು ತಿಂದಳು, ಚೆನ್ನಾಗಿದೆ ಎಂದಳು, ತನಗೆ ಏಳು ವರ್ಷದ ಮಗಳಿದ್ದಾಳೆ ಎಂದಳು. ಆಮೇಲೆ ಬಟ್ಟಲನ್ನು ಪಕ್ಕಕ್ಕಿಟ್ಟು, ಕೈಚೀಲದಿಂದ ಒಂದು ಸಣ್ಣ ಪುಸ್ತಕ ಮತ್ತು ಪೆನ್ನು ತೆಗೆದಳು.

"ನನ್ನ ಮಗಳಿಗೆ ಅಜ್ಜೀದು ಒಂದು ಕಥೆ ಹೇಳಕ್ಕೆ ಹೋದೆ, ಮೇಷ್ಟ್ರೇ. ಉಪ್ಪಿನ ಕಥೆ. ಅಮ್ಮ ಜ್ವರ ಬಂದು ಮಲಗಿರ್ತಾಳೆ, ಉಪ್ಪು ಹಾಕಿದ ಗಂಜಿ ಬೇಕು ಅಂತಾಳೆ, ಮನೇಲಿ ಉಪ್ಪಿರಲ್ಲ. ಹುಡುಗಿ ಆರು ಮನೆ ಬಾಗ್ಲು ತಟ್ತಾಳೆ. ಒಬ್ರೂ ತೆಗೆಯಲ್ಲ. ಸೇತುವೆ ಆಚೆ ಏಳನೇ ಮನೆ, ಗಂಟು ಹೊತ್ಕೊಂಡು ತಿರುಗೋ ಮುದುಕೀದು. ಅವಳು ಬಾಗ್ಲು ತೆಗೀತಾಳೆ. ಉಪ್ಪು ಕೊಡ್ತಾಳೆ. ಕೊಟ್ಟು, ಬದಲಿಗೆ ಹುಡುಗಿ ಹತ್ರ ಏನೋ ಕೇಳ್ತಾಳೆ." ಅವಳು ತಡೆದಳು. "ಏನು ಕೇಳ್ತಾಳೆ ಅನ್ನೋದನ್ನ ಅಜ್ಜಿ ಗಟ್ಟಿಯಾಗಿ ಹೇಳ್ತಿರ್ಲಿಲ್ಲ. ಬಗ್ಗಿ ಕಿವೀಲಿ ಹೇಳೋಳು. ಕಚಗುಳಿ ಆಗೋದು. ಆ ಕಚಗುಳಿ ನೆನಪಿದೆ, ಮಾತು ನೆನಪಿಲ್ಲ. ನಿಮ್ ನೋಟ್‌ಬುಕ್ಕಲ್ಲಿ ಇರತ್ತಲ್ಲ. ಅದನ್ನ ಬರ್ಕೊಂಡು ಹೋಗೋಣ ಅಂತ ಬಂದೆ."

ಗೆರ್ಲಿಂಡೆ ಎದ್ದು ಕಾಫಿ ಪಾತ್ರೆ ತರುವ ನೆವದಿಂದ ಒಳಗೆ ಹೋದಳು. ಇಷ್ಟೇ ತಾನೇ? ಓಟ್ಮಾರನಿಗೆ ಮೊದಲು ಆದದ್ದು ನಿರಾಳ, ಆ ನಿರಾಳಕ್ಕೆ ಆಮೇಲೆ ನಾಚಿಕೆ. ಅವನು ಬೈಗುಳಕ್ಕೆ ತಯಾರಾಗಿದ್ದ. ಇಪ್ಪತ್ತು ವರ್ಷದಿಂದ ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದ: ಆ ಕಾಲ ಹಾಗಿತ್ತು, ಪ್ರಕಾಶಕರ ಒತ್ತಾಯ, ಅಜ್ಜಿಯ ಕಥೆಗಳು ಹೀಗಾದರೂ ಉಳಿದವಲ್ಲ. ಅವಳು ಅವುಗಳಲ್ಲಿ ಒಂದಕ್ಕೂ ಪ್ರಶ್ನೆ ಕೇಳಲಿಲ್ಲ. ಅವನು ಕಣ್ಣು ಮುಚ್ಚಿದ. ಯೆಟ್ಟಾಳ ಅಂಗಡಿ, ರಿಬ್ಬನ್ನಿನ ಸುರುಳಿ, ಸೂಜಿ ಕಚ್ಚಿದ ತುಟಿ ಎಲ್ಲವೂ ಬಂತು. ಅವಳು ಅವನ ಕಿವಿಗೂ ಬಗ್ಗಿ ಹೇಳಿದ್ದಳು, ನಲವತ್ತು ದಾಟಿದ ಮೇಷ್ಟ್ರ ಕಿವಿಗೆ. ಅವನು ನಕ್ಕಿದ್ದ, ಬರೆದುಕೊಂಡಿದ್ದ. ತುಟಿ ಅಲ್ಲಾಡಿತು. ಬಂದದ್ದು ಅವನದೇ ಪದ್ಯ:

ಗಂಟಿನ ಮುದುಕಿ, ಹೊರಗಿನ ಮುದುಕಿ,
ಉಪ್ಪಿಗೆ ರಕುತವ ಕೇಳಿದ ಮುದುಕಿ,
ಸೇತುವೆ ಕೆಳಗಡೆ ತಣ್ಣನೆ ನೀರು,
ಹಾರು ಮುದುಕಿ, ಹಾರು!

ರಕ್ತ ಎಂಬ ಮಾತು ಅವನದು. ಸಂಪಾದಕರು ರಕ್ತ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಪೆನ್ಸಿಲು ಕಚ್ಚುತ್ತಿದ್ದಾಗ 'ಒಂದು ಹನಿ ರಕ್ತ' ಎಂಬುದು ತಾನಾಗಿ ಬಂದಿತ್ತು. ಬಂದಾಗ ಒಳ್ಳೆಯ ಪದ ಸಿಕ್ಕವನಿಗೆ ಆಗುವ ಖುಷಿಯಾಗಿತ್ತು. ಯೆಹೂದಿಗಳು ಮಕ್ಕಳ ರಕ್ತ ಬೇಡುತ್ತಾರೆಂಬ ಹಳೆಯ ವಿಷದಲ್ಲಿ ಅದ್ದಿ ಬರೆಯುತ್ತಿದ್ದೇನೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಗೊತ್ತಿತ್ತು. ಮೂವತ್ತೆಂಟರ ನವೆಂಬರಿನ ಬೆಳಿಗ್ಗೆ ಅವನದೇ ತರಗತಿಯ ಮಕ್ಕಳು ಯೆಟ್ಟಾಳ ಒಡೆದ ಅಂಗಡಿಯ ಮುಂದೆ ಸಾಲಾಗಿ ನಿಂತು ಅದನ್ನು ಹೇಳಿದರು. ದೊಡ್ಡವರು ರೇಷ್ಮೆಯ ಸುರುಳಿಗಳನ್ನು ಕಿಟಕಿಯಿಂದ ಕೆಸರಿಗೆ ಎಸೆಯುತ್ತಿದ್ದರು, ಮಕ್ಕಳು ಹಾಡುತ್ತಿದ್ದರು. ಅವನು ಶಾಲೆಯ ಮಹಡಿಯ ಕಿಟಕಿಯಲ್ಲಿ ನಿಂತು ಕೇಳಿದ. ಕೊನೆಯ ಸಾಲಿನಲ್ಲಿ ಎಲ್ಲರ ಕಾಲೂ ಒಟ್ಟಿಗೆ ನೆಲಕ್ಕೆ ಬಿತ್ತು. ಲಯ ಎಷ್ಟು ಚೆನ್ನಾಗಿ ಕೂತಿದೆ! ಆ ಕ್ಷಣದಲ್ಲಿ ಅವನಿಗೆ ಅನ್ನಿಸಿದ್ದು ಅದು. ಹೆದರಿಕೆಗಿಂತ ಮೊದಲು, ಕನಿಕರಕ್ಕಿಂತ ಮೊದಲು. ಆಮೇಲೆ ಕಿಟಕಿ ಮುಚ್ಚಿದ.

"ಮರೆತುಹೋಯ್ತಾ?" ಎಂದಳು ಮಾರ್ಗೋಟ್.

"ಇಲ್ಲ. ತಡಿ... ತಡೀರಿ."

"ನನಗೂ ಅದೇ ಆಗೋದು. ಮಗಳು ಕೇಳ್ತಾಳೆ, ಆಮೇಲೇನಾಯ್ತಮ್ಮ ಅಂತ. ಬಾಯಿ ತೆಗೆದ್ರೆ ನಿಮ್ ಪದ್ಯಾನೇ ಬರತ್ತೆ." ಅವಳು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಳು. "ನೀವು ತರಗತೀಲಿ ಹೇಳ್ಸಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದು ನಾನೇ ಅಲ್ವಾ? ನಮ್ಮಜ್ಜಿ ಕಥೆ ಪುಸ್ತಕದಲ್ಲಿ ಬಂದಿದೆ ಅಂತ ನಂಗೆ ಜಂಬ. ಮನೆಗೆ ಹೋಗಿ ಅಜ್ಜಿ ಮುಂದೇನೂ ಹೇಳ್ದೆ. ಕಾಲು ಹೊಡ್ಕೊಂಡು, ಹಾರು ಮುದುಕಿ, ಹಾರು. ಅಜ್ಜಿ ಪೂರ್ತಿ ಕೇಳಿದ್ಲು. 'ಚೆನ್ನಾಗಿ ಬಾಯಿಪಾಠ ಮಾಡಿದೀಯ ಕಣೇ' ಅಂದ್ಲು. ಅವತ್ತಿಂದ ಆ ಕಥೆ ಹೇಳಲಿಲ್ಲ."

ಒಳಗೆ ಗೆರ್ಲಿಂಡೆ ಪಾತ್ರೆ ಇಟ್ಟ ಸದ್ದು ನಿಂತಿತು. ಏನಾದರೂ ಕೊಡಬೇಕು, ಇವಳನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಒಂದೇ ಯೋಚನೆ ಓಟ್ಮಾರನ ತಲೆ ತುಂಬ ಹರಡಿತು. ಅದು ಕರುಣೆಯೆಂದೇ ಅವನಿಗೆ ತೋರಿತು. ಕಥೆ ಕಟ್ಟುವುದು ಅವನಿಗೆ ಗೊತ್ತಿದ್ದ ಒಂದೇ ಕೆಲಸ. "ಹಾಂ, ಬಂತು," ಎಂದ. ದನಿ ತರಗತಿಯ ದನಿಯಾಯಿತು. "ಮುದುಕಿ ಬಾಗಿಲು ತೆಗೆದು, ಅಂಗೈ ತುಂಬ ಉಪ್ಪು ಕೊಟ್ಟು, ಮಗೂ, ನನಗೇನೂ ಬೇಡ, ಆರು ಬಾಗಿಲು ಮುಚ್ಚಿದ್ದವು ಅಂತ ಯಾರ ಮೇಲೂ ಸಿಟ್ಟು ಇಟ್ಕೋಬೇಡ ಅಂದ್ಲು." ಮಾರ್ಗೋಟ್ ಬರೆಯತೊಡಗಿದಳು. ಅವನು ಕಲಿಸಿದ ಅಕ್ಷರಗಳು ಒಂದರ ಹಿಂದೆ ಒಂದು ಹಾಳೆಯ ಮೇಲೆ ನಿಲ್ಲುತ್ತಿದ್ದವು. ಅವನಿಗೆ ಹುರುಪು ಬಂತು. "ಒಂದೇ ಒಂದು ಮಾತು ಕೊಡು. ಎಲ್ಲಿಗೇ ಹೋಗು, ಎಷ್ಟೇ ದೂರ ಹೋಗು, ನಿನ್ನ ನಾಡನ್ನ ಮರೀಬೇಡ, ಅಂತ..."

ಪೆನ್ನು ನಿಂತಿತು. ಅವಳು ತಲೆಯೆತ್ತಲಿಲ್ಲ.

"ನಾಡು," ಎಂದಳು.

"ಹೌದು, ಅಂದ್ರೆ..."

"ಅಜ್ಜಿ ಬಾಯಲ್ಲಿ ಆ ಪದ ನಾನು ಕೇಳೇ ಇಲ್ಲ, ಮೇಷ್ಟ್ರೇ. ಅವಳು ಓಣಿ ಅನ್ನೋಳು. ಮನೆ ಅನ್ನೋಳು. ಸೇತುವೆ ಈಚೆ, ಸೇತುವೆ ಆಚೆ ಅನ್ನೋಳು. ನಾಡು ಅಂತ ಅಂದೋರು ನೀವು. ಮತ್ತೆ ನಮ್ಮೋರನ್ನ ಹೇರ್ಕೊಂಡು ಹೋಗಕ್ಕೆ ಲಾರಿ ತಂದೋರು." ಅವಳು ಬರೆದ ಹಾಳೆಯನ್ನು ಹರಿಯಲಿಲ್ಲ, ಪುಸ್ತಕವನ್ನು ಸುಮ್ಮನೆ ಮುಚ್ಚಿದಳು. "ನೋಟ್‌ಬುಕ್ಕು ತೋರ್ಸಿ. ನಾನೇ ಓದ್ಕೋತೀನಿ."

"ಇಲ್ಲ."

"ತೋರ್ಸಲ್ವಾ?"

"ಇಲ್ಲ ಅಂದ್ರೆ, ಇಲ್ಲ. ಸುಟ್ಟೆ. ಅದೇ ನವೆಂಬರಲ್ಲಿ, ಮಾರನೇ ದಿನ. ಪುಟ ಪುಟದಲ್ಲೂ ಅವರ ಹೆಸರಿತ್ತು. ಯಾರಾದ್ರೂ ನೋಡಿದ್ರೆ ಅಂತ..." ಶಾಲೆಯ ಒಲೆಯಲ್ಲಿ ಸುಟ್ಟಿದ್ದ, ತರಗತಿ ಶುರುವಾಗುವ ಮೊದಲು. ಆ ಬೆಳಿಗ್ಗೆ ಬಹಳ ಚಳಿಯಿತ್ತು. ಮಕ್ಕಳು ಬಂದು, ಮೇಷ್ಟ್ರು ಇವತ್ತು ಬೇಗ ಒಲೆ ಹೊತ್ತಿಸಿದಾರೆ ಎಂದು ಸುತ್ತ ನಿಂತು ಕೈ ಕಾಯಿಸಿಕೊಂಡಿದ್ದರು. ಮಾರ್ಗೋಟಳ ಜಾಗ ಅವತ್ತಿನಿಂದ ಖಾಲಿ. ಇದನ್ನೂ ಹೇಳಬೇಕೆನ್ನಿಸಿತು, ಹೇಳಿದರೆ ಹಗುರಾಗುತ್ತಿತ್ತು, ಅದಕ್ಕೇ ಹೇಳಲಾಗಲಿಲ್ಲ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಹಂಗಾದ್ರೆ ಆ ಮಾತು ಎಲ್ಲೂ ಇಲ್ಲ," ಎಂದಳು, ಯಾರದೋ ವಿಳಾಸ ಸಿಗದೆ ಹೋದವರ ಹಾಗೆ. ಎದ್ದು ಕೋಟು ಹಾಕಿಕೊಂಡಳು. ಗೆರ್ಲಿಂಡೆ ಓಡಿಬಂದು, "ಇನ್ನೊಂದು ತುಂಡು ಕಟ್ಟಿಕೊಡ್ತೀನಿ, ಮಗಳಿಗೆ," ಎಂದಾಗ, "ಹಡಗಲ್ಲಿ ಮೂರು ವಾರ ಆಗತ್ತಮ್ಮ, ಕೆಡತ್ತೆ," ಎಂದು ನಯವಾಗಿಯೇ ಹೇಳಿದಳು. ಗೇಟಿನ ತನಕ ಬಂದ ಓಟ್ಮಾರ್ ಕೈ ಚಾಚಿದ. ಅವಳು ಕೈಕೊಟ್ಟಳು. "ಅವರ ಹೆಸರು ಹಾಕ್ತೀನಿ, ಮಾರ್ಗೋಟ್," ಎಂದ ಅವನು ಇದ್ದಕ್ಕಿದ್ದಂತೆ. "ಹೊಸ ಮುದ್ರಣ ಬರ್ತಿದೆ. ಈ ಕಥೆ ಕೆಳಗೆ ಅವರ ಹೆಸರು ಹಾಕ್ತೀನಿ." ಅವಳು ಅವನನ್ನು ತುಸು ಅಚ್ಚರಿಯಿಂದ ನೋಡಿ, "ನಿಮ್ಮಿಷ್ಟ, ಮೇಷ್ಟ್ರೇ," ಎಂದು ನಡೆದುಬಿಟ್ಟಳು.

ಅವನು ಒಳಗೆ ಬಂದವನೇ ಕರಡು ಬಿಚ್ಚಿ ಕೂತ. ಎಷ್ಟೋ ವರ್ಷಗಳ ನಂತರ ಮಾಡಬೇಕಾದ ಒಂದು ಕೆಲಸ ಕಣ್ಣ ಮುಂದೆ ಸ್ಪಷ್ಟವಾಗಿತ್ತು. ಇನ್ನೂರ ಹನ್ನೊಂದನೆಯ ಪುಟ. ಕಥೆಯ ಕೆಳಗೆ ಖಾಲಿ ಜಾಗದಲ್ಲಿ ಕೆಂಪು ಶಾಯಿಯಿಂದ, ಅಚ್ಚು ಜೋಡಿಸುವವನಿಗೆ ತಪ್ಪದಂತೆ ದೊಡ್ಡದಾಗಿ ಬರೆದ: 'ಹೇಳಿದವರು: ಯೆಟ್ಟಾ ಪ್ಲೌಟ್, ರಿಬ್ಬನ್ ಅಂಗಡಿ, ಕೆಳಬೀದಿ, ಗ್ರೀಫೆನ್‌ರೋಡೆ.' ಕನ್ನಡಕ ಒರೆಸಿಕೊಂಡು, ತಪ್ಪಿದೆಯೇ ಎಂದು ಪುಟವನ್ನು ಮೇಲಿನಿಂದ ಓದಿದ. ಯುದ್ಧವಾದ ಮೇಲಿನ ಮುದ್ರಣದಲ್ಲಿ ಪರವಾನಗಿ ಕೊಡುವ ಅಧಿಕಾರಿಗೆ ತೋರಿಸಲು 'ಹೊರಗಿನ' ಎಂಬುದನ್ನು 'ಮಾಟದ' ಎಂದು ಮಾಡಿದ್ದ, 'ರಕುತವ' ಎಂಬಲ್ಲಿ 'ಕೂದಲ' ಎಂದು ಹಾಕಿದ್ದ. ಅಧಿಕಾರಿ ಮೆಚ್ಚಿ ಸಹಿ ಹಾಕಿದ್ದ. ಉಳಿದದ್ದೆಲ್ಲ ಹಾಗೇ ಇತ್ತು. ಊರವರು ಪಂಜು ಹಿಡಿದು ಬರುತ್ತಾರೆ. ಮುದುಕಿಯನ್ನು ಸೇತುವೆಯ ಮೇಲಕ್ಕೆ ಎಳೆದು ತರುತ್ತಾರೆ. ನೀರು ಅವಳನ್ನು ನುಂಗುತ್ತದೆ. ಅಂದು ಊರಿನ ಎಲ್ಲ ಮನೆಗಳಲ್ಲೂ ಮಕ್ಕಳು ಸುಖವಾಗಿ ನಿದ್ದೆ ಮಾಡುತ್ತಾರೆ. ಹೇಳಿದವರು: ಯೆಟ್ಟಾ ಪ್ಲೌಟ್.

ಅವನು ಮತ್ತೊಮ್ಮೆ ಓದಿದ. ಎಲ್ಲಿಂದ ಓದಿದರೂ ಅದು ಅಲ್ಲಿಗೇ ಬರುತ್ತಿತ್ತು. ಹೆಸರು ಹಾಕಿದರೆ ತನ್ನನ್ನು ನೀರಿಗೆ ತಳ್ಳಿದ ಕಥೆಯನ್ನು ಅವಳೇ ಹೇಳಿದಂತೆ. ಮಕ್ಕಳಿಗೆ ಆ ಪದ್ಯ ಕಲಿಸಿದವಳು ಅವಳೇ ಆದಂತೆ. ಹೆಸರು ಹಾಕದಿದ್ದರೆ ಅವಳು ಇರಲೇ ಇಲ್ಲ. ಕಥೆಯನ್ನೇ ಕಿತ್ತುಹಾಕೋಣವೆಂದು ಹಾಳೆಯನ್ನು ಎತ್ತಿ ಹಿಡಿದ. ಅದರ ಬೆನ್ನ ಮೇಲೆ ಮುಂದಿನ ಕಥೆ ಶುರುವಾಗಿತ್ತು, ಅದೂ ಅವಳದೇ, ಅದರಲ್ಲೂ ತನ್ನ ಕೈಯಾಡಿತ್ತು, ಅದರ ಮುಂದಿನದೂ. ಎಲ್ಲಿ ಯೆಟ್ಟಾ ಮುಗಿದು ಎಲ್ಲಿ ತಾನು ಶುರುವಾಗುತ್ತೇನೆ ಎಂಬುದನ್ನು ಹೇಳಬಲ್ಲ ಐದು ನೋಟ್‌ಬುಕ್ಕುಗಳನ್ನು ತಾನೇ ಇಲ್ಲವಾಗಿಸಿದ್ದ. ಮುಂದೆ ಯಾರು ಎಷ್ಟು ಹುಡುಕಿದರೂ ಸಿಗುವುದು ಓಟ್ಮಾರ್ ವೆಟ್ಸೆಲ್ ಒಬ್ಬನೇ.

"ಮುಗೀತಾ? ಐದಕ್ಕೆ ಅಂಚೆ ಮುಚ್ತಾರೆ," ಎಂದಳು ಗೆರ್ಲಿಂಡೆ, ದಾರದುಂಡೆ ಹಿಡಿದು ಬಾಗಿಲಲ್ಲಿ ನಿಂತು. ಅವಳು ಮೇಜಿನ ಮೇಲಿನ ಕೆಂಪು ಅಕ್ಷರಗಳನ್ನು ಓದಿದಳು.

ಅವನು ಲೇಖನಿಯನ್ನು ಅದ್ದಿ ಹೆಸರಿನ ಮೇಲೆ ಗೀರೆಳೆದ. ಗೀರಿನಡಿ ಹೆಸರು ಇನ್ನೂ ಓದುವಂತಿತ್ತು. ಮತ್ತೆ ಅದ್ದಿದ, ಮತ್ತೆ ಎಳೆದ. ಒಂದಕ್ಷರವೂ ಕಾಣದಂತಾಗುವ ತನಕ ಎಳೆಯುತ್ತಲೇ ಇದ್ದ, ಕಾಗದ ನೆನೆದು ಉಬ್ಬಿತು. ಗೆರ್ಲಿಂಡೆ ಶಾಯಿ ಒಣಗುವುದನ್ನು ಕಾದು ಕಟ್ಟು ಕಟ್ಟಿದಳು. ಗಂಟಿಗೆ ಅವನೇ ಬೆರಳು ಕೊಟ್ಟ.

ಹತ್ತು ದಿನದ ಮೇಲೆ ಕಾಸೆಲ್ಲಿನಿಂದ ಒಂದು ಕಾರ್ಡು ಬಂತು. ಕರಡು ತಲುಪಿತು, ವಂದನೆಗಳು. ಇನ್ನೂರ ಹನ್ನೊಂದನೆಯ ಪುಟದ ಕೆಳಗೆ ಕೆಂಪು ಶಾಯಿ ಚೆಲ್ಲಿದ ಕಲೆಯೊಂದಿತ್ತು, ತಿದ್ದುಪಡಿ ಇರಲಾರದೆಂದು ತಿಳಿದು ಬಿಟ್ಟುಬಿಟ್ಟಿದ್ದೇವೆ, ಸರಿ ತಾನೆ?

ಸರಿ, ಎಂದು ಓಟ್ಮಾರ್ ಬರೆದು ಹಾಕಿದ.